ಸಂಕದ ಏಳು ಕಲ್ಲು

ಭೂಗೋಳವನ್ನು ನಾಲ್ಕು ಗೋಡೆಗಳ ಒಳಗೆ ಕಲಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮಣಿಪಾಲದ ಗುಡ್ಡದ ಮೇಲಿನ ತಣ್ಣನೆಯ ಕೋಣೆಯಲ್ಲಿ ಪರದೆ ಇಳಿಸಿ, ದೀಪ ಆರಿಸಿ, ಯಾವುದೋ ದೇಶದ ನದಿಯ ಚಿತ್ರ ತೋರಿಸಿ 'ಇದು ನದಿ' ಎನ್ನುವುದು ನನ್ನಿಂದಾಗದ ಕೆಲಸ. ಅದೇ ಗುಡ್ಡದ ತುದಿಗೆ ಹೋಗಿ ನಿಂತರೆ ಕೆಳಗೆ ನಿಜವಾದ ನದಿ ಹರಿಯುತ್ತಿರುತ್ತದೆ. ಅದನ್ನು ಬಿಟ್ಟು ಚಿತ್ರ ನೋಡುವುದೇಕೆ ಎಂದು ವಿಭಾಗದ ಸಭೆಯಲ್ಲಿ ಕೇಳಿ ನಾಲ್ಕು ಜನರ ವಿರೋಧ ಕಟ್ಟಿಕೊಂಡವಳು ನಾನು. ಅವರಿಗೂ ಕೊನೆಗೆ ಸಾಕಾಗಿರಬೇಕು. ಭೂಗೋಳ ಮತ್ತು ಪರಿಸರ ಅಧ್ಯಯನದ ಕ್ಷೇತ್ರ ಕೋರ್ಸನ್ನು ಪೂರ್ತಿಯಾಗಿ ನನ್ನ ತಲೆಗೆ ಕಟ್ಟಿ ಸುಮ್ಮನಾದರು.

ಎರಡು ವಾರದ ಕೋರ್ಸು ಅದು. ಮೊದಲ ವಾರ ಪೂರ್ತಿ ನಡಿಗೆ. ನಾನು ಹುಟ್ಟಿ ಬೆಳೆದ ಕುಕ್ಕುಂದೂರಿನ ಹತ್ತಿರ, ಕಾರ್ಕಳದ ಬೋಳು ಬಂಡೆಯ ಮೇಲಿಂದ ಶುರು. ಹುಡುಗ ಹುಡುಗಿಯರು ಬಿಳಿ ಬೂಟು ಹಾಕಿಕೊಂಡು ಬರುತ್ತಾರೆ, ಮಧ್ಯಾಹ್ನದೊಳಗೆ ಬೂಟಿನ ಬಣ್ಣವೂ ಮುಖದ ಬಣ್ಣವೂ ಬದಲಾಗುತ್ತದೆ. ಬಂಡೆಯ ಮೇಲೆ ಅಂಗೈ ಇಡಿ, ಕಣ್ಣು ಮುಚ್ಚಿ, ಏನು ತಿಳಿಯುತ್ತದೆ ಹೇಳಿ ಎನ್ನುತ್ತೇನೆ. 'ಬಿಸಿ ಮೇಡಂ' ಎನ್ನುತ್ತಾರೆ. ಅಷ್ಟು ಸಾಕು, ಅಲ್ಲಿಂದ ಪಾಠ ಶುರು ಮಾಡಬಹುದು. ಮರುದಿನ ಮಣಿಪಾಲದ ಕೆಂಪು ಮುರಕಲ್ಲು, ಅದರ ಮಾರನೆಯ ದಿನ ಉಡುಪಿಯ ತಗ್ಗು ಗದ್ದೆಗಳು, ಕೊನೆಗೆ ಕಾಪುವಿನ ದೀಪಸ್ತಂಭದ ಬುಡದ ಮರಳು. ನೆಲ ಹೇಗೆ ಕಲ್ಲಿನಿಂದ ಕೆಂಪಾಗಿ, ಕೆಂಪಿನಿಂದ ಕೆಸರಾಗಿ, ಕೆಸರಿನಿಂದ ಮರಳಾಗುತ್ತದೆ ಎಂಬುದನ್ನು ಕಾಲಿನಿಂದ ಕಲಿತವರು ಪರೀಕ್ಷೆಯಲ್ಲಿ ತಪ್ಪು ಬರೆಯುವುದಿಲ್ಲ. ಈ ಮಾತನ್ನು ನಾನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ.

ಎರಡನೆಯ ವಾರ ಒಂದೇ ಊರು, ಒಂದೇ ಪ್ರಶ್ನೆ. ನಾನು ಹೇಳಲು ಹೊರಟಿರುವ ವರ್ಷ ಆ ಊರು ಮಟ್ಟು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಪಟ್ಟಿಯಂತಹ ನೆಲ, ಆ ನೆಲದಲ್ಲಿ ಗುಳ್ಳ. ಉಡುಪಿಯವರಿಗೆ ಗುಳ್ಳ ಎಂದರೆ ಬದನೆಕಾಯಿ ಎಂದು ವಿವರಿಸಲು ಹೋದರೆ ಅವರು ಬೇಸರ ಮಾಡಿಕೊಳ್ಳುತ್ತಾರೆ. ಅದು ಗುಳ್ಳ, ಬದನೆ ಬೇರೆ. ಮಳೆಗಾಲದ ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಸಾಲು ಎತ್ತಿ ಸಸಿ ನೆಡುತ್ತಾರೆ. ಸಸಿಗೆ ಸಿಹಿನೀರು ಬೇಕು, ಎರಡು ಕಡೆಯಿಂದಲೂ ಉಪ್ಪು ಕಾಯುತ್ತಿರುತ್ತದೆ. ಆ ವರ್ಷ ವಿಭಾಗಕ್ಕೆ ಹೊಸ ಮೀಟರು ಬಂದಿತ್ತು. ನೀರಿನಲ್ಲಿ ಅದ್ದಿದರೆ ಉಪ್ಪಿನ ಪ್ರಮಾಣವನ್ನು ಅಂಕಿಯಲ್ಲಿ ತೋರಿಸುವ ಮೀಟರು. ಅದನ್ನು ಕೈಯಲ್ಲಿ ಹಿಡಿದ ದಿನವೇ ನಾನು ತೀರ್ಮಾನಿಸಿದೆ, ಈ ಸಲ ಮಟ್ಟುವಿನ ಗದ್ದೆಗಳ ನಡುವೆ ಹರಿದು ಹೊಳೆ ಸೇರುವ ತೋಡಿನ ನೀರನ್ನು ಆರು ದಿನ ಅಳೆಯುವುದು ಎಂದು.

ನಮಗೆ ಅಂಗಳ ಬಿಟ್ಟುಕೊಟ್ಟವರು ಐವತ್ತು ದಾಟಿದ ಒಬ್ಬ ಯಜಮಾನರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಗಲ್ಫಿನಲ್ಲಿದ್ದು, ಸಾಕು ಎನಿಸಿ ಊರಿಗೆ ಬಂದು, ಪಾಳುಬಿದ್ದಿದ್ದ ತಂದೆಯ ಗದ್ದೆಯಲ್ಲಿ ಮೊದಲ ಸಲ ಗುಳ್ಳ ಬೆಳೆಯಲು ಹೊರಟಿದ್ದರು. ದನದ ಹಟ್ಟಿಯ ಪಕ್ಕದ ಮಡಿಯಲ್ಲಿ ಸಸಿಗಳು ಗೇಣುದ್ದ ಎದ್ದು ತಯಾರಾಗಿದ್ದವು. ಅಕ್ಕಪಕ್ಕದವರು ಎತ್ತರದ ಜಾಗದ ಬಾವಿಗಳಿಂದ ನೀರು ಹಾಯಿಸುತ್ತಿದ್ದರು. ಇವರ ಗದ್ದೆ ತೋಡಿನ ಅಂಚಿನಲ್ಲಿತ್ತು, ಅದರ ಬಾವಿ ಹೂಳು ತುಂಬಿ ಮುಚ್ಚಿಹೋಗಿತ್ತು. ತೋಡಿಗೆ ಪಂಪು ಇಟ್ಟೇ ನೀರು ಕೊಡಬೇಕು. ತೋಡು ಹೊಳೆಗೆ ಸೇರುವಲ್ಲಿ ಕಿಂಡಿ ಅಣೆಕಟ್ಟು ಇದೆ, ಆದರೆ ಅದರ ಕಿಂಡಿಗಳಿಗೆ ಹಲಗೆ ಹಾಕುವುದು ಮಳೆಯ ನೀರು ಪೂರ್ತಿ ಇಳಿದ ಮೇಲೆ. ಅಲ್ಲಿಯವರೆಗೆ ಉಪ್ಪುನೀರನ್ನು ತಡೆಯುವವರು ಯಾರೂ ಇಲ್ಲ. ಸಸಿಯನ್ನಂತೂ ಅಷ್ಟು ದಿನ ಇಟ್ಟುಕೊಳ್ಳುವಂತಿರಲಿಲ್ಲ. ವಾರದೊಳಗೆ ನೆಡದಿದ್ದರೆ ಮಡಿಯಲ್ಲೇ ಬಲಿತು ಕೆಲಸಕ್ಕೆ ಬಾರದೆ ಹೋಗುತ್ತಿತ್ತು.

"ನೆರೆಕರೆಯವರು ಎಲ್ಲ ನೆಡಿ ನೆಡಿ ಅಂತಾರೆ ಮೇಡಂ," ಎಂದರು ಅವರು ಮೊದಲ ದಿನ. "ಅವರದ್ದು ಅಭ್ಯಾಸದ ಮಾತು. ನಾನು ಅಲ್ಲಿ ಸೇಫ್ಟಿ ಸೂಪರ್‌ವೈಸರ್ ಆಗಿದ್ದದ್ದು. ಗ್ಯಾಸ್ ಮೀಟರ್ ನೋಡದೆ ಒಬ್ಬನನ್ನೂ ಟ್ಯಾಂಕಿಗೆ ಇಳಿಸ್ಲಿಕ್ಕೆ ಬಿಟ್ಟವನಲ್ಲ. ನಿಮ್ಮಲ್ಲಿ ಮೀಟರ್ ಉಂಟಲ್ಲ, ನೀವು ಹೇಳಿ. ನೀವು ಬೇಡ ಅಂದ್ರೆ ನಾನು ನೆಡುದಿಲ್ಲ."

ಇಂತಹ ಮಾತು ಕೇಳಿದರೆ ಯಾವ ಮೇಷ್ಟರಿಗೆ ಹಿಗ್ಗಾಗುವುದಿಲ್ಲ! ಆರನೆಯ ದಿನ ಉತ್ತರ ಹೇಳುತ್ತೇನೆ ಎಂದೆ. ಹಾಗೆ ಹೇಳುವಾಗ ನನ್ನ ಧ್ವನಿ ಎಷ್ಟು ಗಟ್ಟಿಯಾಗಿತ್ತು ಎಂಬುದು ಈಗಲೂ ನನ್ನ ಕಿವಿಯಲ್ಲಿದೆ.

ತೋಡನ್ನು ದಾಟಲು ಅಲ್ಲೊಂದು ಸಂಕವಿತ್ತು. ಎರಡು ಕಡೆ ಮುರಕಲ್ಲಿನ ಕಂಬ ಕಟ್ಟಿ ಮೇಲೆ ಕಾಂಕ್ರೀಟಿನ ಹಲಗೆ ಹಾಸಿದ ಕಾಲುಸೇತುವೆ. ಅದರ ನಡುವೆ ನಿಂತು ಹಗ್ಗ ಕಟ್ಟಿದ ಬಾಟಲಿ ಇಳಿಸಿ ನೀರು ತೆಗೆಯುವುದು, ಅಳೆಯುವುದು, ಹನ್ನೆರಡು ಮಂದಿಯೂ ತಮ್ಮ ತಮ್ಮ ಪುಸ್ತಕದಲ್ಲಿ ಬರೆಯುವುದು. ನಾನು ಮೂರು ನಿಯಮ ಹಾಕಿದ್ದೆ: ಒಂದೇ ಜಾಗ, ಒಂದೇ ಬಾಟಲಿ, ಒಂದೇ ಸಮಯ. ನಮ್ಮ ಬಸ್ಸು ಒಂಬತ್ತಕ್ಕೆ ಮಣಿಪಾಲ ಬಿಟ್ಟು ಹತ್ತಕ್ಕೆ ಮಟ್ಟು ಮುಟ್ಟುತ್ತಿತ್ತು. ಹತ್ತೂಕಾಲಿಗೆ ಬಾಟಲಿ ನೀರಿಗೆ. ಒಂದು ನಿಮಿಷ ಆಚೀಚೆ ಆದರೂ ನಾನು ಗದರುತ್ತಿದ್ದೆ. ಎರಡನೆಯ ದಿನ ದಾರಿಯಲ್ಲಿ ಬಸ್ಸು ನಿಂತಾಗ ಡ್ರೈವರನಿಗೂ ಎರಡು ಮಾತು ಬಿತ್ತು. ಪುಸ್ತಕದ ಕೊನೆಯಲ್ಲಿ 'ಷರಾ' ಎಂಬ ಅಂಕಣ ಇಡಿಸಿದ್ದೆ. ಕಂಡದ್ದನ್ನು ಬರೆಯಿರಿ, ಕಾಣದ್ದನ್ನು ಬರೆಯಬೇಡಿ ಎಂಬುದು ಅದಕ್ಕೆ ನನ್ನ ಸೂಚನೆ.

ಹನ್ನೆರಡು ಮಂದಿಯಲ್ಲಿ ಕಾಪುವಿನ ಒಬ್ಬ ಹುಡುಗಿ ಇದ್ದಳು. ತಂದೆ ದೋಣಿಗೆ ಹೋಗುವವರು, ತಾಯಿ ಮೀನು ಮಾರುವವರು. ಮನೆಯಲ್ಲಿ ತುಳು, ನಮ್ಮೊಡನೆ ಅಳೆದು ತೂಗಿದ ಕನ್ನಡ. ಕ್ಲಾಸಿನಲ್ಲಿ ಬಾಯಿ ಬಿಡುವುದೇ ಅಪರೂಪ. ಬೆಂಗಳೂರಿನಿಂದಲೋ ದೆಹಲಿಯಿಂದಲೋ ಬಂದ ಹುಡುಗರು ಪಟಪಟನೆ ಪ್ರಶ್ನೆ ಹಾಕುವಾಗ ಇವಳು ಹಿಂದೆ ನಿಂತು ನೀರು ನೋಡುತ್ತಿದ್ದಳು. ಮೂರನೆಯ ದಿನ ಸಂಕದ ಮೇಲೆ ನನ್ನ ಪಕ್ಕ ಬಂದು, "ಮೇಡಂ, ನಾವು ಒಂದು ದಿನ ಸಂಜೆಗೆ ಬರ್ಲಿಕ್ಕೆ ಆಗ್ತದಾ?" ಎಂದಳು.

"ಯಾಕೆ? ಸಂಜೆ ಎಂತ ಉಂಟು?"

"ನೀರು ನೋಡ್ಲಿಕ್ಕೆ."

"ಒಂದೇ ಸಮಯ ಅಂತ ಯಾಕೆ ಹೇಳಿದ್ದು ನಾನು?" ಎಂದೆ. ಅವಳು ತಲೆ ಅಲ್ಲಾಡಿಸಿ ಹಿಂದೆ ಸರಿದಳು. ಸೋಮಾರಿತನಕ್ಕೆ ದಾರಿ ಹುಡುಕುತ್ತಿದ್ದಾಳೆ, ಬೆಳಿಗ್ಗೆ ಮಲಗುವ ಆಸೆ ಎಂದುಕೊಂಡೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ಹಾಗೆಯೇ.

ಮೀಟರಿನ ಅಂಕಿ ದಿನದಿಂದ ದಿನಕ್ಕೆ ಏರಿತು. ಸೋಮವಾರ ಕುಡಿಯಬಹುದಾದಷ್ಟು ಸಪ್ಪೆಯಾಗಿದ್ದ ನೀರು ಮಂಗಳವಾರ ಸ್ವಲ್ಪ ಏರಿತು, ಬುಧವಾರ ಇನ್ನೂ ಏರಿತು, ಗುರುವಾರ ಹುಡುಗರು ಪರಸ್ಪರ ಮುಖ ನೋಡಿಕೊಳ್ಳುವಷ್ಟು ಏರಿತು. ಒಂದು ದಿನವೂ ಹಿಂದೆ ಬರಲಿಲ್ಲ. ಅಂಗಳದಲ್ಲಿ ಚಾಪೆ ಹಾಸಿ ಕುಳಿತು ಗ್ರಾಫು ಬರೆದಾಗ ಗೆರೆ ಮೆಟ್ಟಿಲು ಹತ್ತಿದಂತೆ ಮೇಲಕ್ಕೆ ಹೋಗಿತ್ತು. ಇಷ್ಟು ವರ್ಷದ ಕ್ಷೇತ್ರಕಾರ್ಯದಲ್ಲಿ ಅಷ್ಟು ಚಂದದ ಗೆರೆಯನ್ನು ನಾನು ಕಂಡಿರಲಿಲ್ಲ. ನಿಜವಾದ ಊರಿನ ನಿಜವಾದ ಅಂಕಿಗಳು ಯಾವಾಗಲೂ ಅಡ್ಡಾದಿಡ್ಡಿ ಇರುತ್ತವೆ. ಅಷ್ಟು ನೇರವಾದ ಗೆರೆಯನ್ನು ಕಂಡಾಗ ಅನುಮಾನ ಪಡಬೇಕಿತ್ತು. ಅದನ್ನು ಬಿಟ್ಟು ಫೋಟೋ ತೆಗೆದು ವಿಭಾಗದ ಗುಂಪಿಗೆ ಕಳಿಸಿದೆ. ವಿರೋಧ ಕಟ್ಟಿಕೊಂಡಿದ್ದ ನಾಲ್ವರಲ್ಲಿ ಇಬ್ಬರು ಹೆಬ್ಬೆರಳು ಎತ್ತಿದರು.

ಶನಿವಾರ, ಕೊನೆಯ ದಿನ. ಅಳತೆ ಮುಗಿಸಿ ಎಲ್ಲರೂ ಅಂಗಳಕ್ಕೆ ಬಂದೆವು. ಬಾಟಲಿಯಲ್ಲಿ ಉಳಿದ ನೀರಿಗೆ ಯಜಮಾನರು ಬೆರಳು ಅದ್ದಿ ನಾಲಿಗೆಗೆ ತಾಗಿಸಿ, ಮುಖ ಕಿವುಚಿ ಉಗಿದರು. ನಾನು ಗ್ರಾಫನ್ನು ಅವರ ಮುಂದೆ ಬಿಡಿಸಿ ಹೇಳಿದೆ: ತೋಡಿಗೆ ಉಪ್ಪು ಹತ್ತುತ್ತಿದೆ, ಆರು ದಿನದಲ್ಲಿ ಒಮ್ಮೆಯೂ ಇಳಿದಿಲ್ಲ, ಹೀಗೇ ಹೋದರೆ ಇನ್ನೊಂದು ವಾರದಲ್ಲಿ ಈ ನೀರು ಹಾಕಿದ ಸಸಿ ಒಂದೂ ಉಳಿಯುವುದಿಲ್ಲ, ಈ ವರ್ಷ ನೆಡಬೇಡಿ. ಇದೊಂದು ವಾಕ್ಯ ಹೇಳುವಾಗಲೂ ನನಗೆ ಎಲ್ಲೂ ಅಳುಕಿರಲಿಲ್ಲ. ಒಬ್ಬ ಮನುಷ್ಯನ ಶ್ರಮ ಮಣ್ಣುಪಾಲಾಗುವುದನ್ನು ತಪ್ಪಿಸಿದೆ ಎಂಬ ಸಮಾಧಾನವೇ ಇತ್ತು.

ಆಗ ಹಿಂದಿನಿಂದ ಕಾಪುವಿನ ಹುಡುಗಿಯ ಧ್ವನಿ ಬಂತು. "ಮೇಡಂ, ನಾಳೆ ಹುಣ್ಣಿಮೆ ಅಲ್ವಾ?"

"ಹೌದು. ಅದಕ್ಕೆ?"

"ಅಲ್ಲ... ಹುಣ್ಣಿಮೆ ಹೊತ್ತಿಗೆ ನೀರು..."

"ಇಲ್ಲಿ ಪಂಚಾಂಗ ನೋಡುವುದಿಲ್ಲ ಮಾರಾಯ್ತಿ, ಮೀಟರ್ ನೋಡುವುದು," ಎಂದೆ. ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. ಅವಳೂ ನಗಲು ನೋಡಿದಳು.

ಯಜಮಾನರು ಎದ್ದು ಮಡಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ಸಸಿಗಳನ್ನೇ ನೋಡಿದರು. ತಿಂಗಳಿನಿಂದ ಸಾಕಿದ ಸಸಿಗಳವು. ಹಿಂತಿರುಗಿ ಬಂದು, "ಆಯ್ತು. ಮೀಟರ್ ಹೇಳಿದ ಮೇಲೆ ಮುಗಿಯಿತು," ಎಂದರು. "ಸುಮ್ಮನೆ ಒಣಗಿಸುದು ಎಂತಕ್ಕೆ. ನಾಳೆ ಸಂಜೆಗೆ ಕಿತ್ತು ಆಚೆಮನೆ ಅಕ್ಕನಿಗೆ ಕೊಡ್ತೇನೆ. ಅವರಿಗೆ ಬಾವಿ ಉಂಟು." ಬಸ್ಸು ಹತ್ತುವಾಗ ಅವರು ಹನ್ನೆರಡು ಮಂದಿಗೂ ಒಂದೊಂದು ಎಳನೀರು ಕೊಟ್ಟು ನನಗೆ ಕೈಮುಗಿದರು. ಅದನ್ನು ನಾನು ಗೌರವವಾಗಿಯೇ ಸ್ವೀಕರಿಸಿದೆ.

ಭಾನುವಾರ ಬನ್ನಂಜೆಯ ನನ್ನ ಮನೆಯಲ್ಲಿ ಊಟ ಮುಗಿಸಿ, ಮೇಜಿನ ಮೇಲೆ ಹನ್ನೆರಡು ಪುಸ್ತಕ ಹರವಿಕೊಂಡು ಅಂಕ ಹಾಕಲು ಕುಳಿತೆ. ಅಂಕಿಗಳೆಲ್ಲ ಒಂದೇ, ಹಾಗಾಗಿ ನಾನು ನೋಡುತ್ತಿದ್ದದ್ದು ಷರಾ ಅಂಕಣವನ್ನು. ಹೆಚ್ಚಿನವರು 'ಬಿಸಿಲು', 'ಮೋಡ', 'ಗಾಳಿ ಇಲ್ಲ' ಎಂದು ಬರೆದಿದ್ದರು. ಒಬ್ಬ ಹುಡುಗ ಆರೂ ದಿನ 'ಹಸಿವು' ಎಂದು ಬರೆದಿದ್ದ. ಕಂಡದ್ದನ್ನು ಬರೆಯಲು ಹೇಳಿದ್ದೆ, ಅನಿಸಿದ್ದನ್ನಲ್ಲ ಎಂದು ಅವನಿಗೆ ಅರ್ಧ ಅಂಕ ಕತ್ತರಿಸಿದೆ.

ಕಾಪುವಿನ ಹುಡುಗಿಯ ಪುಸ್ತಕ ಒಂಬತ್ತನೆಯದೋ ಹತ್ತನೆಯದೋ ಆಗಿ ಕೈಗೆ ಬಂತು. ಅವಳ ಷರಾ ಹೀಗಿತ್ತು. ಸೋಮವಾರ: 'ಸಂಕದ ಕಂಬದಲ್ಲಿ ಏಳು ಕಲ್ಲು ಕಾಣುತ್ತದೆ. ಒಂದು ಏಡಿ.' ಮಂಗಳವಾರ: 'ಆರೂವರೆ ಕಲ್ಲು. ಏಡಿ ಇಲ್ಲ.' ಬುಧವಾರ ಐದು. ಗುರುವಾರ ನಾಲ್ಕು. ಶುಕ್ರವಾರ ಮೂರು, ಮೂರನೆಯದು ಒದ್ದೆ. ಶನಿವಾರ: 'ಎರಡು ಕಲ್ಲು ಮಾತ್ರ.'

ಇದೆಂತಹ ಷರಾ, ಸಂಕದ ಕಲ್ಲು ಎಣಿಸಲು ಇವಳನ್ನು ಕರೆದುಕೊಂಡು ಹೋದೆನೇ ಎಂದು ಕೆಂಪು ಪೆನ್ನು ಎತ್ತಿದವಳು ಅಲ್ಲೇ ತಡೆದೆ. ಎಡಗಡೆಯ ಅಂಕಿ ಮೇಲೆ ಹೋದಂತೆ ಬಲಗಡೆಯ ಕಲ್ಲು ಕಡಿಮೆಯಾಗಿತ್ತು. ಒಂದು ದಿನವೂ ತಪ್ಪಿಲ್ಲ. ಕಲ್ಲು ಕಡಿಮೆ ಎಂದರೆ ನೀರು ಹೆಚ್ಚು. ಮಳೆ ಬಂದಿರಲಿಲ್ಲ. ಮಳೆಯಿಲ್ಲದೆ ತೋಡಿಗೆ ನೀರು ಎಲ್ಲಿಂದ ಹೆಚ್ಚಾಗುತ್ತದೆ?

ಉಬ್ಬರವಿಳಿತದ ಪಾಠವನ್ನು ನಾನು ಎಷ್ಟು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ! ಚಂದ್ರ, ಭೂಮಿ, ಬಾಣದ ಗುರುತು, ದಿನಕ್ಕೆ ಎರಡು ಸಲ ಉಬ್ಬರ, ಪ್ರತಿದಿನ ಸುಮಾರು ಮುಕ್ಕಾಲು ಗಂಟೆ ತಡ. ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಸೋಮವಾರ ಹತ್ತೂಕಾಲಿಗೆ ಸಮುದ್ರ ಬಹುಪಾಲು ಇಳಿದಿತ್ತು, ನಾವು ಅಳೆದದ್ದು ಹೊಳೆಯ ಸಿಹಿನೀರನ್ನು. ಅದರ ಮರುದಿನ ಅದೇ ಹತ್ತೂಕಾಲಿಗೆ ನೀರು ಇನ್ನೂ ಅಷ್ಟು ಇಳಿದಿರಲಿಲ್ಲ. ಹೀಗೆ ದಿನಕ್ಕೆ ಮುಕ್ಕಾಲು ಗಂಟೆಯಂತೆ ಸರಿಯುತ್ತ ಹುಣ್ಣಿಮೆಯ ಹಿಂದಿನ ದಿನ ನಾವು ಸರಿಯಾಗಿ ತುಂಬು ಉಬ್ಬರದ ಮೇಲೆ ನಿಂತು ಬಾಟಲಿ ಇಳಿಸಿದ್ದೆವು. ತೋಡಿಗೆ ಉಪ್ಪು ಹತ್ತಿರಲಿಲ್ಲ. ದಿನಕ್ಕೆ ಎರಡು ಸಲ ಬಂದು ಹೋಗುವ ಉಪ್ಪನ್ನು ನಾವು ದಿನವೂ ಬೇರೆ ಬೇರೆ ಹಂತದಲ್ಲಿ ಹಿಡಿದಿದ್ದೆವು, ಅಷ್ಟೇ. ಇಳಿತದ ಹೊತ್ತಿಗೆ ಪಂಪು ಹಾಕಿದ್ದರೆ ಯಜಮಾನರಿಗೆ ಬೇಕಾದಷ್ಟು ಸಿಹಿನೀರು ಸಿಗುತ್ತಿತ್ತು. ಮೂರು ನಿಯಮದಲ್ಲಿ ನಾನು ಅತ್ಯಂತ ಕಟ್ಟುನಿಟ್ಟಾಗಿ ಪಾಲಿಸಿದ ನಿಯಮವೇ ಎಲ್ಲವನ್ನೂ ಕೆಡಿಸಿತ್ತು. ಡ್ರೈವರನ ಬಸ್ಸು ನಾಲ್ಕು ಗಂಟೆ ಕೆಟ್ಟು ನಿಂತಿದ್ದರೆ ಅಂದೇ ಸತ್ಯ ಗೊತ್ತಾಗುತ್ತಿತ್ತು.

ನಾನು ಕಾರ್ಕಳದ ಕಲ್ಲಿನ ಕಡೆಯವಳು. ಸಮುದ್ರ ನನಗೆ ನೋಡಲು ಹೋಗುವ ಜಾಗ. ಅಲೆ ಕಾಣದ, ಭೋರೆನ್ನದ, ಗದ್ದೆಯ ಪಕ್ಕದಲ್ಲಿ ಸುಮ್ಮನೆ ಬಿದ್ದುಕೊಂಡಿರುವ ಒಂದು ತೋಡು ಕೂಡ ಸಮುದ್ರವೇ ಎಂಬುದು ನನ್ನ ತಲೆಯಲ್ಲಿತ್ತು, ಮೈಗೆ ಹತ್ತಿರಲಿಲ್ಲ. ಆ ಹುಡುಗಿಯ ಮನೆಯಲ್ಲಿ ಅಡುಗೆಗೆ ಅಕ್ಕಿ ಹಾಕುವ ಹೊತ್ತೂ ನೀರಿನ ಏರಿಳಿತ ನೋಡಿ ನಿಶ್ಚಯವಾಗುತ್ತಿತ್ತು. ಅವಳು ಹೇಳಲು ನೋಡಿದಳು, ಒಂದಲ್ಲ ಎರಡು ಸಲ. ನಾನು ಅವಳನ್ನು ನಗೆಪಾಟಲು ಮಾಡಿದೆ.

ಯಜಮಾನರಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಮೂರು ಸಲ ಹಚ್ಚಿದೆ. ಸಂಜೆಗೆ ಸಸಿ ಕೀಳುತ್ತೇನೆ ಎಂದಿದ್ದರು, ಮಧ್ಯಾಹ್ನ ಆಗಲೇ ಎರಡು ಗಂಟೆ. ಹುಡುಗಿಗೆ ಫೋನು ಮಾಡಿದೆ. "ನಿನ್ನ ಪುಸ್ತಕ ನೋಡಿದೆ. ಮಟ್ಟುವಿಗೆ ಬರ್ತೀಯಾ, ಈಗಲೇ?" ಎಂದೆ. "ಅಣ್ಣನ ಬೈಕಲ್ಲಿ ಬರ್ತೇನೆ ಮೇಡಂ," ಎಂದಳು. ಏಕೆ ಎಂದು ಕೇಳಲಿಲ್ಲ. ನಾನು ಮೀಟರನ್ನು ಚೀಲಕ್ಕೆ ಹಾಕಿ ಸ್ಕೂಟರು ಹತ್ತಿದೆ. ಹೆದ್ದಾರಿಯ ಉದ್ದಕ್ಕೂ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ವಾಕ್ಯ ಕಟ್ಟಿದೆ. ಕಟ್ಟಿದ ವಾಕ್ಯಗಳಲ್ಲೆಲ್ಲ 'ಸಾಮಾನ್ಯವಾಗಿ', 'ಕೆಲವೊಮ್ಮೆ', 'ತಾಂತ್ರಿಕವಾಗಿ' ಎಂಬ ಪದಗಳೇ ಬರುತ್ತಿದ್ದವು. ಕಟಪಾಡಿಯಲ್ಲಿ ಸಮುದ್ರದ ಕಡೆಗೆ ತಿರುಗುವ ಹೊತ್ತಿಗೆ ಅವೆಲ್ಲವನ್ನೂ ಬಿಟ್ಟೆ.

ಅಂಗಳಕ್ಕೆ ಕಾಲಿಟ್ಟಾಗ ಮಡಿ ಆಗಲೇ ಖಾಲಿಯಾಗಿತ್ತು. ಯಜಮಾನರು ಹಟ್ಟಿಯ ನೆರಳಲ್ಲಿ ಕುಳಿತು ಸಸಿಗಳನ್ನು ಬಾಳೆನಾರಿನಿಂದ ಕಟ್ಟು ಕಟ್ಟುತ್ತಿದ್ದರು. ಕಟ್ಟಿದವುಗಳ ಮೇಲೆ ಒದ್ದೆ ಗೋಣಿ ಹೊದಿಸಿದ್ದರು. ಆಚೆಮನೆಯ ಅಕ್ಕ ಬಿಸಿಲು ಇಳಿದ ಮೇಲೆ ಬಂದು ಒಯ್ಯುವವರಿದ್ದರು. ಇನ್ನೂ ಕೊಟ್ಟಿರಲಿಲ್ಲ.

"ನಾನು ನಿನ್ನೆ ಹೇಳಿದ್ದು ತಪ್ಪು," ಎಂದೆ ನಿಂತಲ್ಲಿಂದಲೇ. "ತೋಡಿನ ನೀರು ಚೆನ್ನಾಗಿ ಉಂಟು. ಅಳೆದ ಹೊತ್ತು ತಪ್ಪು. ದಯವಿಟ್ಟು ಸಸಿ ಕೊಡಬೇಡಿ."

ಅವರು ಕಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಕೋಪ ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಅದು ಇರಲಿಲ್ಲ, ಬರೀ ಗಲಿಬಿಲಿ ಇತ್ತು.

"ನಿನ್ನೆ ಒಂದು ಹೇಳಿದ್ರಿ, ಇವತ್ತು ಒಂದು ಹೇಳ್ತೀರಿ. ಎಂತ ಮೇಡಂ ಇದು? ನಾಳೆ ಬಂದು ಮೂರನೆಯದ್ದು ಹೇಳುದಿಲ್ಲ ಅಂತ ಹೇಗೆ ನಂಬುದು? ಆರು ದಿನ ಗೆರೆ ಎಳೆದು ತೋರಿಸಿದ್ದು ನೀವೇ ಅಲ್ವಾ?"

ಧ್ವನಿ ಎತ್ತರಿಸಿ ಒಪ್ಪಿಸಬಹುದಿತ್ತು, ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಆದರೆ ನಿನ್ನೆ ಒಪ್ಪಿಸಿದ್ದೂ ಅದೇ ವಿದ್ಯೆಯಿಂದ. ಮಣಿಪಾಲದಿಂದ ಬಂದ ದೊಡ್ಡ ಮೇಡಮ್ಮನ ಮಾತು ಆ ಅಂಗಳದಲ್ಲಿ ಬೆಲೆ ಕಳೆದುಕೊಂಡಿತ್ತು. ಅದು ನ್ಯಾಯವೇ ಎಂದು ನನಗೂ ಅನಿಸಿತು.

ಅಷ್ಟರಲ್ಲಿ ಬೈಕು ಬಂದು ನಿಂತು ಹುಡುಗಿ ಇಳಿದಳು, ಅಣ್ಣ ಅವಳನ್ನು ಬಿಟ್ಟು ಹೊರಟುಹೋದ. ಸಸಿಯ ಕಟ್ಟುಗಳನ್ನೂ ನಮ್ಮಿಬ್ಬರ ಮುಖವನ್ನೂ ನೋಡಿ ಅವಳಿಗೆ ಅರ್ಥವಾಗಿರಬೇಕು. ನನ್ನನ್ನು ದಾಟಿ ಹೋಗಿ ಯಜಮಾನರ ಎದುರು ಕುಕ್ಕುರುಗಾಲಿನಲ್ಲಿ ಕುಳಿತು ತುಳುವಿನಲ್ಲಿ ಮಾತಾಡಿದಳು. ಕ್ಲಾಸಿನಲ್ಲಿ ಎರಡು ವಾಕ್ಯಕ್ಕೆ ತಡವರಿಸುವ ಹುಡುಗಿ ಅಲ್ಲಿ ನಿರಾಳವಾಗಿ, ಕೈ ಆಡಿಸುತ್ತ, ಮನೆಯವರೊಡನೆ ಮಾತಾಡುವಂತೆ ಮಾತಾಡಿದಳು. ಇವತ್ತು ಐದು ಗಂಟೆ ದಾಟಿದ ಮೇಲೆ ನೀರು ಪೂರ್ತಿ ಇಳಿಯುತ್ತದೆ, ಅಲ್ಲಿಯವರೆಗೆ ಕಾಯಿರಿ, ಆಮೇಲೆ ನೀವೇ ನೋಡಿ, ಸರಿ ಅನಿಸದಿದ್ದರೆ ಅಕ್ಕನಿಗೆ ಕೊಡಿ ಎಂದಳು. ಆಚೆಮನೆಯ ಅಕ್ಕನೂ ಹೇಳಿದ ಹೊತ್ತಿಗಿಂತ ಮೊದಲೇ ಬುಟ್ಟಿ ಹಿಡಿದು ಬಂದಿದ್ದರು. ಅವರು ನನ್ನ ಕಡೆ ನೋಡಿ ತುಳುವಿನಲ್ಲೇ ಒಂದು ಮಾತು ಹೇಳಿದರು. ಇಷ್ಟು ಓದಿದವರಿಗೆ ನೀರು ಏರುವುದು ಇಳಿಯುವುದು ಗೊತ್ತಿಲ್ಲವೇ ಎಂದು ಅದರ ಅರ್ಥ. ಗೊತ್ತಿತ್ತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ನಾಲ್ವರೂ ಸಂಕದ ಹತ್ತಿರ ಹೋಗಿ ಕುಳಿತೆವು. ಕಂಬದಲ್ಲಿ ಮೂರು ಕಲ್ಲು ಕಾಣುತ್ತಿತ್ತು. ಅಕ್ಕ ಯಾರದೋ ಮನೆಯ ಮದುವೆ ಮಾತುಕತೆ ತೆಗೆದರು, ಹುಡುಗಿ ಹೂಂಗುಟ್ಟಿದಳು, ಯಜಮಾನರು ಕಂಬದ ಮೇಲೇ ಕಣ್ಣಿಟ್ಟಿದ್ದರು. ನಾಲ್ಕನೆಯ ಕಲ್ಲು ಬಂತು. ಕಸ ಕಡ್ಡಿ ಅಣೆಕಟ್ಟಿನ ಕಡೆಗೆ ತೇಲಿಹೋಗಲು ಶುರುವಾಯಿತು. ಐದನೆಯದು ಬರುವಾಗ ಅಂಚಿನ ಕೆಸರು ಹೊಳೆಯತೊಡಗಿತು. ಅಷ್ಟು ವರ್ಷ ಹೊರಗೆ ಓಡಾಡಿದವಳು ನಾನು, ಒಂದು ಕಡೆ ಎರಡೂವರೆ ಗಂಟೆ ಸುಮ್ಮನೆ ಕುಳಿತು ನೀರು ಇಳಿಯುವುದನ್ನು ಪೂರ್ತಿ ನೋಡಿದ್ದು ಅದೇ ಮೊದಲು. ನಮ್ಮ ಕೋರ್ಸಿನ ವೇಳಾಪಟ್ಟಿಯಲ್ಲಿ ಸುಮ್ಮನೆ ಕೂರಲು ಒಂದು ನಿಮಿಷವನ್ನೂ ನಾನು ಬಿಟ್ಟಿರಲಿಲ್ಲ. ಐದೂವರೆ ಹೊತ್ತಿಗೆ ಎಂಟು ಕಲ್ಲು ಕಂಡವು. ಎಂಟನೆಯದರ ಮೇಲೆ ಹಸಿರು ಪಾಚಿ ಇತ್ತು.

ನಾನು ಬಾಟಲಿ ಇಳಿಸಿ ನೀರು ತೆಗೆದೆ, ಮೀಟರು ಅದ್ದಿದೆ. ಅಂಕಿ ಸೋಮವಾರದ್ದಕ್ಕಿಂತಲೂ ಕೆಳಗಿತ್ತು. ಅದನ್ನು ಯಜಮಾನರ ಮುಂದೆ ಹಿಡಿದೆ. ಅವರು ಅದರ ಕಡೆ ಕಣ್ಣು ಹಾಯಿಸಲೂ ಇಲ್ಲ. ಪಂಚೆ ಎತ್ತಿ ಕಟ್ಟಿ ಕೆಸರಿಗೆ ಇಳಿದು, ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿ ಮುಕ್ಕಳಿಸಿದರು. ಈ ಸಲ ಮುಖ ಕಿವುಚಲಿಲ್ಲ. ಇನ್ನೊಂದು ಬೊಗಸೆ ಎತ್ತಿ ನೋಡಿದರು.

ಮೇಲೆ ಹತ್ತಿ ಬಂದವರು ನನ್ನ ಎದುರು ನಿಲ್ಲಲಿಲ್ಲ. ನೇರ ಹುಡುಗಿಯ ಹತ್ತಿರ ಹೋಗಿ, ನನ್ನ ಕಿವಿಗೂ ಬೀಳಲೆಂದೋ ಏನೋ ಕನ್ನಡದಲ್ಲೇ ಕೇಳಿದರು. "ನೀನು ಹೇಳು ಮಗಾ. ನೆಡ್ಬಹುದಾ?"

ಅವಳು ತಿರುಗಿ ನನ್ನನ್ನು ನೋಡಿದಳು. ಅಭ್ಯಾಸ ಅದು, ಮೇಡಂ ಇರುವಾಗ ಮೇಡಮ್ಮನೇ ಹೇಳಬೇಕು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಈ ಸಲ ಸರಿಯಾದ ಉತ್ತರ, ಕೈಯಲ್ಲಿ ಅಂಕಿಯೂ ಇತ್ತು. ಹೊಟ್ಟೆಯಲ್ಲಿ ಸಣ್ಣದೊಂದು ಕಿಚ್ಚೂ ಇತ್ತು, ಸುಳ್ಳು ಹೇಳುವುದಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದವಳನ್ನು ಬಿಟ್ಟು ಇಪ್ಪತ್ತು ವರ್ಷದ ಹುಡುಗಿಯನ್ನು ಕೇಳುತ್ತಾರಲ್ಲ ಎಂದು. ಮೀಟರಿನ ಗುಂಡಿ ಒತ್ತಿ ಆರಿಸಿ ಚೀಲಕ್ಕೆ ಹಾಕಿದೆ. ಬಾಯಿ ತೆರೆಯಲಿಲ್ಲ. ಕಾರ್ಕಳದ ಬಂಡೆಯನ್ನು ನಡುಮಧ್ಯಾಹ್ನ ಹತ್ತುವುದು ಅದಕ್ಕಿಂತ ಸುಲಭ.

ನಾನು ಹೇಳುವುದಿಲ್ಲ ಎಂದು ಖಚಿತವಾದ ಮೇಲೆ ಅವಳು ಯಜಮಾನರ ಕಡೆ ತಿರುಗಿದಳು.

"ನೆಡಿ," ಎಂದಳು. "ಕಿಂಡಿಗೆ ಹಲಗೆ ಹಾಕುವವರೆಗೆ ನೀರು ಪೂರ್ತಿ ಇಳಿದಾಗ ಮಾತ್ರ ಪಂಪ್ ಹಾಕಿ. ದಿನಾ ಮುಕ್ಕಾಲು ಗಂಟೆ ಲೇಟ್ ಆಗ್ತದೆ. ಗೊತ್ತಾಗದಿದ್ರೆ ನನಗೆ ಫೋನ್ ಮಾಡಿ, ಅಪ್ಪನ ಹತ್ತಿರ ಕೇಳಿ ಹೇಳ್ತೇನೆ."

ಯಜಮಾನರು ಮರುಮಾತಾಡದೆ ಗೋಣಿ ಎತ್ತಿ ಒಂದು ಕಟ್ಟನ್ನು ತೆಗೆದುಕೊಂಡು ಗದ್ದೆಗೆ ಇಳಿದರು. ಆಚೆಮನೆಯ ಅಕ್ಕ ಖಾಲಿ ಬುಟ್ಟಿಯನ್ನು ಬದುವಿನ ಮೇಲಿಟ್ಟು, ಸೆರಗು ಸಿಕ್ಕಿಸಿ, ಅವರ ಹಿಂದೆಯೇ ಇಳಿದರು. ಹುಡುಗಿಯೂ ಇಳಿದಳು. ಬೇರು ಹಿಡಿಯುವ ಮೊದಲೇ ಬೆರಳೆಣಿಕೆಯಷ್ಟು ಸಸಿ ಸತ್ತವು, ಉಳಿದವು ಬದುಕಿ ಸಂಕ್ರಾಂತಿಯ ಹೊತ್ತಿಗೆ ಕಾಯಿ ಬಿಟ್ಟವು ಎಂಬುದನ್ನು ಓದುವವರ ಸಮಾಧಾನಕ್ಕಾಗಿ ಇಲ್ಲೇ ಹೇಳಿಬಿಡುತ್ತೇನೆ. ಆ ಸಂಜೆ ಅದು ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಹುಡುಗಿಯ ಮಾತಿನ ಮೇಲೆ ಒಬ್ಬ ಮನುಷ್ಯ ತನ್ನ ಮೊದಲ ಬೆಳೆಯನ್ನು ಮಣ್ಣಿಗೆ ಇಡುತ್ತಿದ್ದ.

ನಾನು ಬದುವಿನ ಮೇಲೆ ಚಪ್ಪಲಿ ಬಿಟ್ಟು, ಸಾಲಿನ ಕೊನೆಯಲ್ಲಿ ಬಗ್ಗಿ ನಿಂತಿದ್ದ ನನ್ನ ವಿದ್ಯಾರ್ಥಿನಿಯ ಹತ್ತಿರ ಹೋದೆ.

"ಒಂದು ಸಸಿಗೂ ಇನ್ನೊಂದಕ್ಕೂ ಎಷ್ಟು ದೂರ ಬಿಡಬೇಕು?" ಎಂದು ಕೇಳಿದೆ.

ಅವಳು ಕೆಸರು ಮೆತ್ತಿದ ಎರಡು ಕೈಗಳನ್ನು ಅಗಲಿಸಿ ತೋರಿಸಿದಳು.